ಸದ್ದು ಮಾಡದ ಸಿಪಿಯು ಕೂಲರ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಬಸವನಗುಡಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನು ವಿಡಿಯೊ ಎಡಿಟ್ ಮಾಡುವ ಮೇಜಿಗೂ ಮಗಳು ಮಲಗುವ ಮಂಚಕ್ಕೂ ನಡುವೆ ಎರಡು ಮಾರು ಜಾಗವಿಲ್ಲ. ರಾತ್ರಿ ಹತ್ತೂವರೆಯ ಹೊತ್ತಿಗೆ ಬೀದಿಯಲ್ಲಿ ಗಾಡಿಗಳ ಸದ್ದು ಅಡಗಿದರೆ ಕಂಪ್ಯೂಟರಿನದು ಏಳುತ್ತಿತ್ತು. ಪ್ರೊಸೆಸರ್ (ಸಿಪಿಯು) ಜೊತೆ ಡಬ್ಬದಲ್ಲೇ ಬಂದಿದ್ದ, ಅದನ್ನು ತಂಪಾಗಿಡುವ ಪುಟ್ಟ ಕೂಲರ್, ಫೈಲ್ ಎಕ್ಸ್‌ಪೋರ್ಟ್‌ಗೆ ಹಾಕಿದ ಕೂಡಲೇ ಮಿಕ್ಸಿಯಂತೆ ಕಿರುಚುತ್ತಿತ್ತು. ಅವಳು ಮಗ್ಗುಲು ಬದಲಿಸಿದರೆ ನಾನು ಕೆಲಸ ನಿಲ್ಲಿಸುತ್ತಿದ್ದೆ. ಕೂಲರ್ ಬದಲಿಸಿದ್ದು ಅದಕ್ಕೇ.

ಖರ್ಚು ಮಾಡುವ ಮೊದಲು ಸದ್ದು ಯಾವುದರದ್ದು ಎಂದು ಖಚಿತ ಮಾಡಿಕೊಳ್ಳಿ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ, ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳ ಪರದೆಯಾದ ಬಯೋಸ್‌ಗೆ ಹೋದರೆ ಫ್ಯಾನ್‌ಗಳ ವೇಗ ಬದಲಿಸುವ ಜಾಗವಿರುತ್ತದೆ. ಒಂದೊಂದನ್ನೇ ಇಳಿಸಿ ಕಿವಿಗೊಡಿ. ಕ್ಯಾಬಿನೆಟ್ ಫ್ಯಾನ್ ಇಳಿಸಿದಾಗ ಸದ್ದು ನಿಂತರೆ ಕೂಲರ್ ಕೊಳ್ಳುವ ಅಗತ್ಯವೇ ಇಲ್ಲ.

ದೊಡ್ಡದಾದಷ್ಟೂ ಮೌನ

ಕೂಲರ್ ಒಳಗಿನ ತಾಮ್ರದ ಕೊಳವೆಗಳು ಬರೀ ಲೋಹದ ಕಡ್ಡಿಗಳಲ್ಲ. ಒಳಗೆ ಸ್ವಲ್ಪವೇ ದ್ರವ ಇರುತ್ತದೆ. ಪ್ರೊಸೆಸರ್ ಬಿಸಿಗೆ ಅದು ಆವಿಯಾಗಿ ಮೇಲೇರುತ್ತದೆ, ತಣ್ಣಗಿನ ತುದಿಯಲ್ಲಿ ಮತ್ತೆ ಹನಿಯಾಗಿ ಹಿಂದಿರುಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಮೈಯಲ್ಲಿ ಹನಿಗಟ್ಟಿರುತ್ತದಲ್ಲ, ಅದೇ ಕ್ರಿಯೆ. ಆ ಬಿಸಿ ಅಲ್ಯೂಮಿನಿಯಂ ಹಾಳೆಗಳಿಗೆ ಹರಡುತ್ತದೆ, ಫ್ಯಾನ್ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಹಾಳೆಗಳು ಹೆಚ್ಚಿದ್ದಷ್ಟೂ ನಿಧಾನದ ಗಾಳಿಯೇ ಸಾಕಾಗುತ್ತದೆ. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಅಂದಾಜು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಹಾಗಾಗಿ 1,800 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಒದ್ದಾಡುವ ಚಿಕ್ಕ ಕೂಲರ್‌ಗಿಂತ 800ರಲ್ಲಿ ತಿರುಗುವ ದೊಡ್ಡದು ಯಾವತ್ತೂ ಮೇಲು. ಡಬ್ಬದ ಮೇಲಿನ ಡೆಸಿಬೆಲ್ ಸಂಖ್ಯೆಗಳನ್ನು ನಾನು ಹೋಲಿಸಿ ನೋಡುವುದೇ ಇಲ್ಲ. ಎಲ್ಲ ಕಂಪನಿಗಳೂ ಒಂದೇ ದೂರದಿಂದ, ಒಂದೇ ರೀತಿ ಅಳೆಯುವುದಿಲ್ಲ.

ಬಿಸಿ ಎಷ್ಟು, ಜಾಗ ಎಷ್ಟು

ನಿಮ್ಮ ಪ್ರೊಸೆಸರ್ ಗರಿಷ್ಠ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ನೋಡಿ, ಎದ್ದು ಕಾಣುವ ಮೊದಲ ಸಂಖ್ಯೆಯನ್ನಲ್ಲ. ರೈಜೆನ್ 5 7600ಕ್ಕೆ 65 ವ್ಯಾಟ್ ಎಂದಿದ್ದರೂ 88ರವರೆಗೆ ಹೋಗುತ್ತದೆ. ಇಂಟೆಲ್ ಕೋರ್ ಐ5-12400ಕ್ಕೆ 65 ಎಂದಿದ್ದರೂ 117 ಮುಟ್ಟುತ್ತದೆ. ಇವೆರಡಕ್ಕೂ ನಾಲ್ಕು ಕೊಳವೆ, ಒಂದು 120 ಮಿ.ಮೀ. ಫ್ಯಾನ್ ಇರುವ ಒಂಟಿ ಗೋಪುರದ (ಹಾಳೆಗಳ ಒಂದೇ ಕಟ್ಟಿರುವ) ಕೂಲರ್ ಧಾರಾಳ ಸಾಕು. ಐ7-14700ಕೆ ಥರದ್ದು 253 ವ್ಯಾಟ್‌ವರೆಗೆ ಏರುತ್ತದೆ. ಅದಕ್ಕೆ ಜೋಡಿ ಗೋಪುರವೇ ಬೇಕು. ಆಗಲೂ ಪೂರ್ತಿ ಭಾರದಲ್ಲಿ ಮೌನ ಸಿಗುವುದಿಲ್ಲ, ಬಯೋಸ್‌ನಲ್ಲಿ ವ್ಯಾಟ್ ಮಿತಿ ತಗ್ಗಿಸಬೇಕಾಗುತ್ತದೆ.

ಆಮೇಲೆ ಎತ್ತರ. ನಾನು ಎಡವಿದ್ದು ಇಲ್ಲೇ. ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ ‘ಎಲ್ಲ ಕ್ಯಾಬಿನೆಟ್‌ಗೂ ಆಗುತ್ತೆ ಸಾರ್’ ಎಂದ ಮಾತು ನಂಬಿ ತಂದೆ. ಮನೆಗೆ ಬಂದು ಕೂರಿಸಿದರೆ ಪಕ್ಕದ ಗಾಜಿನ ಬಾಗಿಲು ಬೆರಳಿನಗಲ ತೆರೆದೇ ಉಳಿಯಿತು. ಬದಲಿಸಿಕೊಳ್ಳಲು ಮತ್ತೊಂದು ಶನಿವಾರ ಹೋಯಿತು. ಕ್ಯಾಬಿನೆಟ್‌ನ ಕೈಪಿಡಿಯಲ್ಲಿ ಸಿಪಿಯು ಕೂಲರ್‌ಗೆ ಎಷ್ಟು ಎತ್ತರದ ಜಾಗವಿದೆ ಎಂದು ಬರೆದಿರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ಡೀಪ್‌ಕೂಲ್ ಎಕೆ400 ಎತ್ತರ 155 ಮಿ.ಮೀ., ನಾಕ್ಟುವಾ ಎನ್‌ಎಚ್-ಡಿ15 ಎತ್ತರ 165. ಹತ್ತು ಮಿ.ಮೀ. ವ್ಯತ್ಯಾಸದಲ್ಲಿ ಬಾಗಿಲು ಮುಚ್ಚುತ್ತದೆ ಅಥವಾ ಮುಚ್ಚುವುದಿಲ್ಲ. ರ್‍ಯಾಮ್ (ಮೆಮೊರಿ ಪಟ್ಟಿ) ಎತ್ತರವಿದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆ ಸರಿಸಿ ಸಿಕ್ಕಿಸಬೇಕಾಗುತ್ತದೆ, ಅಷ್ಟು ಎತ್ತರ ಕೂಡಿಸಿಕೊಳ್ಳಿ.

ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೆಸರನ್ನೂ ಅದೇ ಚೀಟಿಯಲ್ಲಿ ಬರೆಯಿರಿ: ಎಎಂ4, ಎಎಂ5, ಎಲ್‌ಜಿಎ 1700 ಅಥವಾ 1851. ಅಂಗಡಿಯಲ್ಲೇ ಡಬ್ಬ ತೆರೆಸಿ, ನಿಮ್ಮ ಸಾಕೆಟ್‌ನ ಕ್ಲಾಂಪು, ಸ್ಕ್ರೂಗಳು ಇವೆಯೇ ನೋಡಿ. ಫ್ಯಾನ್ ವೈರಿನ ತುದಿಯಲ್ಲಿ ನಾಲ್ಕು ತೂತು ಇರಲಿ. ಮೂರೇ ಇದ್ದರೆ ವೇಗದ ಹಿಡಿತ ಅಷ್ಟು ನಯವಾಗಿ ಸಿಗುವುದಿಲ್ಲ.

ಕೂರಿಸುವಾಗ

ಹಳೆಯ ಕೂಲರ್ ತೆಗೆಯುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಬಿಸಿ ದಾಟಿಸಲು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಪೇಸ್ಟ್ ಮೆತ್ತಗಾಗುತ್ತದೆ. ನಂತರ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ. ನೇರ ಮೇಲಕ್ಕೆ ಎಳೆಯಬೇಡಿ. ಎಎಂ4 ಬೋರ್ಡಿನಲ್ಲಿ ಹಾಗೆ ಎಳೆದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಅದರ ಕೆಳಗಿನ ಕೂದಲೆಳೆಯಂಥ ಪಿನ್ನುಗಳು ಬಾಗುತ್ತವೆ.

ಹಳೆ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ನಡುವೆ ಇಡಿ. ಹೊಸ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಸುಲಿಯುವುದನ್ನು ಮರೆಯಬೇಡಿ. ಸ್ಕ್ರೂಗಳನ್ನು ಒಂದೊಂದು ಸುತ್ತಿನಂತೆ, ಎದುರುಬದುರಾಗಿ ಬಿಗಿಮಾಡುತ್ತ ಹೋಗಿ. ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯಬೇಕು. ವೈರನ್ನು ‘ಸಿಪಿಯು ಫ್ಯಾನ್’ ಎಂದು ಅಚ್ಚಾಗಿರುವಲ್ಲೇ ಸಿಕ್ಕಿಸಿ.

ವೇಗ ಹೊಂದಿಸುವುದು

ಒಳ್ಳೆಯ ಕೂಲರ್ ತಂದೂ ಗಲಾಟೆ ನಿಲ್ಲಲಿಲ್ಲ ಎನ್ನುವವರು ಹೆಚ್ಚಾಗಿ ಇದನ್ನು ಬಿಟ್ಟಿರುತ್ತಾರೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವ ಸದ್ದನ್ನು ಮರೆಯುವುದಿಲ್ಲ. ಬ್ರೌಸರ್ ತೆರೆದರೂ ಸಾಕು, ಪ್ರೊಸೆಸರ್ ಬಿಸಿ ಕ್ಷಣದಲ್ಲಿ ಏರಿ ಇಳಿಯುತ್ತದೆ, ಫ್ಯಾನ್ ಅದರ ಹಿಂದೆಯೇ ಓಡುತ್ತದೆ. ಬಯೋಸ್‌ನಲ್ಲಿ ಫ್ಯಾನ್ ಪ್ರತಿಕ್ರಿಯೆಗೆ ಕೆಲವು ಸೆಕೆಂಡು ತಡ ಹಾಕಿ. 60 ಡಿಗ್ರಿವರೆಗೆ 600 ಆರ್‌ಪಿಎಂ ಆಸುಪಾಸು, 80ರ ಹೊತ್ತಿಗೆ ಸಾವಿರ, 90ಕ್ಕೆ ಪೂರ್ತಿ ವೇಗ, ಹೀಗೆ ಶುರುಮಾಡಿ. 80 ಕಂಡು ಗಾಬರಿಯಾಗಬೇಡಿ. ರೈಜೆನ್ 7000 ಸಾಲಿನ ಹೆಚ್ಚಿನ ಪ್ರೊಸೆಸರ್‌ಗಳ ಮಿತಿಯೇ 95 ಡಿಗ್ರಿ.

ನಮ್ಮೂರು ತಂಪು ಎಂಬ ನಂಬಿಕೆಯಲ್ಲಿ ಡಿಸೆಂಬರಿನಲ್ಲಿ ಹೊಂದಿಸಿ ಸುಮ್ಮನಾಗಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಕೋಣೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ರಸ್ತೆ ಅಗೆದಿರುವ ಬೀದಿಯಲ್ಲಿ ಮನೆಯಿದ್ದರೆ ಎರಡು ತಿಂಗಳಿಗೊಮ್ಮೆ ಬ್ರಷ್‌ನಲ್ಲಿ ಧೂಳು ತೆಗೆಯಿರಿ.

ಕೊನೆಗೆ, ಬಾಗಿಲು ಮುಚ್ಚಿ, ಅರ್ಧ ಗಂಟೆಯ ಭಾರದ ಕೆಲಸ ಕೊಟ್ಟು, ಸದ್ದು ಯಾರಿಗೆ ಕೇಳಬಾರದೋ ಅವರ ಜಾಗದಲ್ಲಿ ಕೂತು ಆಲಿಸಿ. ನಾನು ಮಗಳ ಮಂಚದ ಮೇಲೆ ಕೂತೆ. ಸಾವಿರ ಆರ್‌ಪಿಎಂನಲ್ಲಿ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. 850ಕ್ಕೆ ಇಳಿಸಿದೆ, ಬಿಸಿ ನಾಲ್ಕು ಡಿಗ್ರಿ ಏರಿತು. ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಬಿಟ್ಟರೆ ಬೇರೇನೂ ಕೇಳಲಿಲ್ಲ.