ಅಂಗಡಿ ಬೋರ್ಡ್ ಬರೆಸುವ ಮುಂಚೆ ಟೇಪ್ ಹಿಡಿದು ಅಳೆಯಿರಿ

ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಹೊಸ ಅಂಗಡಿ ಹಾಕುವವರು ಅಡ್ವಾನ್ಸು, ಬಾಡಿಗೆ, ಷಟರು, ಶೋಕೇಸು ಎಲ್ಲಕ್ಕೂ ಲೆಕ್ಕ ಹಾಕಿರುತ್ತಾರೆ. ಬೋರ್ಡ್ ಮಾತ್ರ ಓಪನಿಂಗಿಗೆ ನಾಲ್ಕು ದಿನ ಇದ್ದಾಗ ನೆನಪಾಗುತ್ತದೆ. ಹಾಗೆ ಆತುರದಲ್ಲಿ ಬರೆಸಿದ್ದನ್ನು ನಿಯಮಕ್ಕೆ ಹೊಂದಲಿಲ್ಲ ಅಂತ ಇಳಿಸಿ ಮತ್ತೆ ಮಾಡಿಸುವುದು ದೊಡ್ಡ ಶೋರೂಮಿಗೆ ಲೆಕ್ಕವೇ ಅಲ್ಲ. ಒಬ್ಬರೇ ಕೂತು ನಡೆಸುವ ಟೈಲರ್ ಅಂಗಡಿಗೆ ಆ ಖರ್ಚು ನಿಜವಾಗಿ ಕಷ್ಟ. ಅದಕ್ಕೇ ಒಂದೇ ಸಲಕ್ಕೆ ಸರಿಯಾಗಿ ಮಾಡಿಸಿಕೊಳ್ಳಿ.

ಮೊದಲು ಭಾಷೆಯ ವಿಷಯ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಅಂತ ಒಂದಿದೆ, ಅದಕ್ಕೆ ತಿದ್ದುಪಡಿ ಆಗಿದ್ದು 2024ರಲ್ಲಿ. ಈಗ ಅಂಗಡಿ, ಹೋಟೆಲ್, ಆಸ್ಪತ್ರೆ, ಲ್ಯಾಬ್ ಯಾವುದೇ ಇರಲಿ, ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಸುಲಭದ ಲೆಕ್ಕ ಹೇಳುತ್ತೇನೆ. ನಿಮ್ಮ ಬೋರ್ಡ್ 10 ಅಡಿ ಉದ್ದ, 3 ಅಡಿ ಎತ್ತರ ಅಂದುಕೊಳ್ಳಿ. ಎತ್ತರ 36 ಇಂಚು, ಅದರಲ್ಲಿ ಶೇಕಡಾ 60 ಅಂದರೆ 21.6 ಇಂಚು. ಮೇಲಿನ 22 ಇಂಚನ್ನು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಕನ್ನಡಕ್ಕೆ ಬಿಡಿ, ಕೆಳಗಿನ 14 ಇಂಚಿನಲ್ಲಿ ಇಂಗ್ಲಿಷ್ ಬೇಕಿದ್ದರೆ ಹಾಕಿಸಿ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಅಂತ ಅಕ್ಕಪಕ್ಕ ಹಾಕಿಸಿದರೆ ಅಳತೆ ಸರಿ ಇದ್ದರೂ ಕನ್ನಡ ಮೇಲಿಲ್ಲ ಅನ್ನುವ ತಕರಾರು ಬರುತ್ತದೆ. ಜಾಗವನ್ನೇನೋ ಬಿಟ್ಟು ಅದರೊಳಗೆ ಸಣ್ಣ ಅಕ್ಷರ ಬರೆಸುವುದೂ ಬೇಡ, ರಸ್ತೆ ಆಚೆಯಿಂದ ಓದಲು ಬಾರದ ಬೋರ್ಡಿನಿಂದ ನಿಮಗೇ ನಷ್ಟ ಅಲ್ವಾ?

ಪ್ರಿಂಟಿಗೆ ಕೊಡುವ ಮುಂಚೆ ಪ್ರೂಫನ್ನು ವಾಟ್ಸಾಪಿಗೆ ತರಿಸಿಕೊಂಡು, ಮನೆಯಲ್ಲಿ ಚೆನ್ನಾಗಿ ಕನ್ನಡ ಓದುವವರಿಗೆ ತೋರಿಸಿ. ಫಾಂಟ್ ಬದಲಾದಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ.

ಇನ್ನು ಕಂಪನಿಯವರು ಪುಕ್ಕಟೆ ಹಾಕಿಕೊಡುವ ಬೋರ್ಡು. ಸಣ್ಣ ಅಂಗಡಿಯವರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಪೇಂಟು, ತಂಪು ಪಾನೀಯ, ಮೊಬೈಲ್ ಕಂಪನಿಯವರು ಬಂದು ಅಳತೆ ತೆಗೆದುಕೊಂಡು ಹೋಗುತ್ತಾರೆ, ಹಾಕುವಾಗ ನೋಡಿದರೆ ಮುಕ್ಕಾಲು ಜಾಗ ಅವರ ಬ್ರ್ಯಾಂಡಿಗೆ, ಮೂಲೆಯಲ್ಲಿ ನಿಮ್ಮ ಅಂಗಡಿ ಹೆಸರು. ಆಗ ಅದು ನಿಮ್ಮ ನಾಮಫಲಕವೋ ಅವರ ಜಾಹೀರಾತೋ ಅನ್ನುವ ಪ್ರಶ್ನೆ ಬರುತ್ತದೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಪ್ರಕಾರ ಜಾಹೀರಾತಿಗೆ ಆಯುಕ್ತರ ಲಿಖಿತ ಅನುಮತಿ ಬೇಕು. ಕಂಪನಿಯ ಹುಡುಗ ಬೋರ್ಡ್ ಹಾಕಿ ಹೋಗುತ್ತಾನೆ, ನೋಟಿಸ್ ಬರುವುದು ಅಂಗಡಿ ಹೆಸರಿಗೆ. ನನ್ನ ಪ್ರಕಾರ ಪುಕ್ಕಟೆ ಸಿಗುತ್ತದೆ ಅಂತ ಸುಮ್ನೆ ಒಪ್ಪಿಕೊಳ್ಳಬಾರದು. ನಿಮ್ಮ ಹೆಸರು ಮೇಲೆ, ಕನ್ನಡದಲ್ಲಿ, ಶೇಕಡಾ 60ರ ಲೆಕ್ಕದಲ್ಲಿ ಬರಬೇಕು ಅಂತ ಮೊದಲೇ ಹೇಳಿ, ಅನುಮತಿ ಯಾರು ತರುತ್ತಾರೆ ಅನ್ನುವುದನ್ನು ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ಒಪ್ಪದಿದ್ದರೆ ಬಿಟ್ಟುಬಿಡಿ. ಚಿಕ್ಕದಾದರೂ ನಿಮ್ಮದೇ ಬೋರ್ಡ್ ಇರಲಿ.

ವಿಚಾರಿಸುವುದು ಎಲ್ಲಿ? ಶಿವಮೊಗ್ಗದಲ್ಲಾದರೆ ಮಹಾನಗರ ಪಾಲಿಕೆ, ಸಾಗರದಲ್ಲಿ ನಗರಸಭೆ, ತೀರ್ಥಹಳ್ಳಿ, ಹೊಸನಗರದಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ. ಟ್ರೇಡ್ ಲೈಸೆನ್ಸ್ ಮಾಡಿಸಲು ಹೇಗೂ ಹೋಗುತ್ತೀರಿ, ಆಗಲೇ ಬೋರ್ಡಿನ ಅಳತೆ ಬರೆದ ಒಂದು ಚಿತ್ರ, ಅಂಗಡಿ ಮುಂಭಾಗದ ಫೋಟೋ ತೆಗೆದುಕೊಂಡು ಹೋಗಿ ಕೇಳಿ. ಶುಲ್ಕ ಕಟ್ಟಿದರೆ ರಸೀದಿ ಜೋಪಾನ. ಬಿ.ಎಚ್. ರಸ್ತೆಯಂಥ ಹೆದ್ದಾರಿ ಪಕ್ಕದಲ್ಲಿ ಅಂಗಡಿ ಇದ್ದು, ರಸ್ತೆ ಅಂಚಿನಲ್ಲಿ ಕಂಬ ನೆಟ್ಟು ಬೋರ್ಡ್ ಹಾಕುವ ಯೋಚನೆ ಇದ್ದರೆ ಹೆದ್ದಾರಿಯವರನ್ನೂ ಕೇಳಲೇಬೇಕು, ಆ ಜಾಗ ಅವರದ್ದು. ಫುಟ್‌ಪಾತಿನ ಮೇಲೆ ಸ್ಟ್ಯಾಂಡ್ ಬೋರ್ಡ್ ಇಡಬೇಡಿ. ಗಾಂಧಿ ಬಜಾರಿನ ಸಂದಣಿಯಲ್ಲಿ ನಡೆಯುವವರಿಗೆ ಇರುವ ಜಾಗವೇ ಕಮ್ಮಿ. ಮರಕ್ಕೆ, ವಿದ್ಯುತ್ ಕಂಬಕ್ಕೆ ಮೊಳೆ ಹೊಡೆದು, ತಂತಿ ಕಟ್ಟಿ ಹಾಕುವುದಂತೂ ಬೇಡವೇ ಬೇಡ. ಕಂಡಕಂಡಲ್ಲಿ ಬೋರ್ಡ್, ಪೋಸ್ಟರ್ ಹಾಕಿ ಊರಿನ ಅಂದ ಕೆಡಿಸುವುದರ ವಿರುದ್ಧ 1981ರದ್ದೇ ಒಂದು ಕಾಯ್ದೆ ಇದೆ, ದಂಡವಷ್ಟೇ ಅಲ್ಲ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಫ್ಲೆಕ್ಸ್ ಅಗ್ಗ ನಿಜ. ಆದರೆ 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್ ನಿಷೇಧಿಸಿದೆ. ಅದೂ ಅಲ್ಲದೆ ನಮ್ಮ ಆಷಾಢದ ಗಾಳಿ ಮಳೆಗೆ ಅದು ಹರಿದು ನೇತಾಡುತ್ತದೆ. ತಗಡಿನ ಮೇಲೆ ಪೇಂಟ್ ಮಾಡಿಸಿ, ದುಡ್ಡಿದ್ದರೆ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟಿನ ಮೇಲೆ ಅಕ್ಷರ ಕೂರಿಸಿ. ಹಳೇ ಹೆಂಚಿನ ಕಟ್ಟಡವಾದರೆ ಸೂರಿನ ರೀಪಿಗೆ ಬೋರ್ಡ್ ತೂಗು ಹಾಕಬೇಡಿ, ಗೋಡೆಗೆ ಬೋಲ್ಟ್ ಹಾಕಿಸಿ, ಸೂರಿನ ನೀರು ಬೋರ್ಡಿನ ಹಿಂದೆ ಇಳಿಯದ ಹಾಗೆ ನೋಡಿಕೊಳ್ಳಿ. ಲೈಟ್ ಇರುವ ಬೋರ್ಡಾದರೆ ಅಡಾಪ್ಟರ್ ಒಳಗಡೆ ಇರಲಿ, ಅದಕ್ಕೇ ಬೇರೆ ಸ್ವಿಚ್ ಕೊಡಿಸಿ. ಬಿದ್ದು ಯಾರಿಗಾದರೂ ಪೆಟ್ಟಾದರೆ ಯಾವ ಅನುಮತಿ ಪತ್ರವೂ ಸಹಾಯಕ್ಕೆ ಬರುವುದಿಲ್ಲ.

ಇಷ್ಟಾಗಿಯೂ ನೋಟಿಸ್ ಬಂದರೆ ಗಾಬರಿ ಬೇಡ, ಜಗಳವೂ ಬೇಡ. ಬಾಯಿಮಾತಿನಲ್ಲಿ ಹೇಳಿದರೆ ಬರೆದು ಕೊಡಿ ಅಂತ ಕೇಳಿ. ಬೋರ್ಡಿನ ಫೋಟೋ, ಅಳತೆ, ರಸೀದಿ ಜೊತೆಗಿಟ್ಟು ಉತ್ತರ ಬರೆಯಿರಿ, ಸರಿಮಾಡಬೇಕಿದ್ದರೆ ಎಷ್ಟು ದಿನ ಬೇಕು ಅನ್ನುವುದನ್ನೂ ಅದರಲ್ಲೇ ಕೇಳಿ, ಕೊಟ್ಟ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ.