ಹ್ಯಾಂಗ್ ಆದರೂ ರೀಬೂಟ್ ಇಲ್ಲ: ಕಾಫಿ ಸೀಸನ್‌ನಲ್ಲಿ ನನ್ನ ಅನುಭವ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಅಲ್ಲಿನ ವೇಬ್ರಿಡ್ಜ್‌ಗೆ, ಅಂದರೆ ಲಾರಿ ತೂಗುವ ತಕ್ಕಡಿಗೆ, ಒಂದು ಹಳೇ ಲಿನಕ್ಸ್ ಮಷೀನು. ಒಂದು ಪೈಥಾನ್ ಪ್ರೋಗ್ರಾಂ ಸೀರಿಯಲ್ ಕೇಬಲ್‌ನಿಂದ ತೂಕ ಓದಿ ಫೈಲಿಗೆ ಬರೆಯುತ್ತದೆ. ಇನ್ನೊಂದು ಪೈಥಾನ್ ಪ್ರೋಗ್ರಾಂ ಸ್ಲಿಪ್ ಪ್ರಿಂಟ್ ಮಾಡುತ್ತದೆ. ತೂಕದ ಪ್ರೋಗ್ರಾಂ ಆಗಾಗ ಹ್ಯಾಂಗ್ ಆಗುತ್ತಿತ್ತು, ಅದಕ್ಕೆ ಎಲ್ಲರ ಮದ್ದು ರೀಬೂಟ್. ನಾನು ಸಿಗ್ನಲ್ (ಓಡುತ್ತಿರುವ ಪ್ರೋಗ್ರಾಂಗೆ ಲಿನಕ್ಸ್ ಮುಟ್ಟಿಸುವ, ನಂಬರ್ ಇರುವ ಸೂಚನೆ) ಕಳಿಸಿಯೇ ಸರಿ ಮಾಡುತ್ತೇನೆ ಅಂದಾಗ ಸರ್ವಿಸ್‌ನವರು ನಂಬಲಿಲ್ಲ. "ಇದು ಹಾರ್ಡ್‌ವೇರ್ ಪ್ರಾಬ್ಲಂ, ಹೊಸ ಮಷೀನ್ ತಗೊಳ್ಳಿ" ಅಂತ ಎಂಬತ್ತು ಸಾವಿರದ ಆಸುಪಾಸಿನ ಕೊಟೇಶನ್ ಕೊಟ್ಟರು. ಅದೇ ಹಳೇ ಮಷೀನು ಈ ಸಲ ಅರೇಬಿಕಾ ಶುರುವಾದಾಗಿನಿಂದ ರೊಬಸ್ಟಾ ಮುಗಿಯುವವರೆಗೆ ಓಡಿದೆ. ಹ್ಯಾಂಗ್ ಆಯ್ತು ಅಂತ ಒಂದು ಸಲವೂ ರೀಬೂಟ್ ಮಾಡಿಲ್ಲ.

ಮೊದಲು ದುಡ್ಡಿನ ವಿಷಯ ಹೇಳುತ್ತೇನೆ. ಲಾರಿ ಮೊದಲು ಲೋಡಿನ ಸಮೇತ ತೂಕಕ್ಕೆ ನಿಲ್ಲುತ್ತದೆ, ಆಮೇಲೆ ಗೋಡೌನ್‌ಗೆ ಹೋಗಿ ಮೂಟೆ ಇಳಿಸುತ್ತದೆ, ಕೊನೆಗೆ ಖಾಲಿ ಲಾರಿಯ ತೂಕ. ಈ ಎರಡರ ನಡುವೆ ಮೊದಲ ತೂಕ ಕಳೆದುಹೋದರೆ ಮುಗೀತು, ಮೂಟೆ ಆಗಲೇ ಕೆಳಗಿಳಿದಿರುತ್ತದೆ. ಹಾಗೆ ಆದಾಗ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಕಾಫಿ ಬೀಜ) ಮೂಟೆಗಳನ್ನು ಒಂದೊಂದಾಗಿ ಸಣ್ಣ ತಕ್ಕಡಿಯಲ್ಲಿ ತೂಗಬೇಕು. ಒಂದು ಲೋಡಿಗೆ ಹಮಾಲರ ಕೂಲಿಯೇ ಮೂರು ಸಾವಿರದ ಹತ್ತಿರ ಹೋಗುತ್ತಿತ್ತು. ತೋಟದವರ ಮುಂದೆ ನಂಬಿಕೆ ಹೋಗುವುದು ಬೇರೆ. ಸರ್ವಿಸ್‌ನವರು ಒಂದು ಸಲ ಬಂದು ಹೋದರೆ ಎರಡೂವರೆ ಸಾವಿರ. ಅವರು ಬಂದು ಮಾಡುತ್ತಿದ್ದದ್ದೂ ರೀಬೂಟೇ.

ಹಾರ್ಡ್‌ವೇರ್ ಅಂತ ಅವರಿಗೆ ಅನ್ನಿಸಿದ್ದಕ್ಕೆ ಕಾರಣ ಇತ್ತು. ಹ್ಯಾಂಗ್ ಆದಾಗ ಯಾರಾದರೂ ಸೀರಿಯಲ್ ಕೇಬಲನ್ನು ಮಷೀನಿಗೆ ಸೇರಿಸುವ ಯುಎಸ್‌ಬಿ ಕನ್ವರ್ಟರ್ ಕಿತ್ತು ಮತ್ತೆ ಸಿಕ್ಕಿಸುತ್ತಿದ್ದರು. ಆದರೆ ಹ್ಯಾಂಗ್ ಆದ ಪ್ರೋಗ್ರಾಂ ಟಿಟಿವೈ-ಯುಎಸ್‌ಬಿ-0 (ಆ ಪೋರ್ಟಿಗೆ ಲಿನಕ್ಸ್ ಕೊಟ್ಟ ಹೆಸರು) ಅನ್ನು ಹಿಡಿದುಕೊಂಡೇ ಇರುತ್ತದೆ. ಹಾಗಾಗಿ ಮತ್ತೆ ಸಿಕ್ಕಿಸಿದ ಕನ್ವರ್ಟರ್‌ಗೆ ಟಿಟಿವೈ-ಯುಎಸ್‌ಬಿ-1 ಅನ್ನೋ ಹೆಸರು ಬರುತ್ತದೆ. ಪ್ರೋಗ್ರಾಂ ಹುಡುಕೋದು ಸೊನ್ನೆಯನ್ನು. ಕೇಬಲ್ ಬದಲಿಸಿದರೂ ಅಷ್ಟೇ, ಕನ್ವರ್ಟರ್ ಬದಲಿಸಿದರೂ ಅಷ್ಟೇ. ಹಳೇ ಪ್ರೋಸೆಸ್, ಅಂದರೆ ಓಡುತ್ತಿರುವ ಆ ಪ್ರೋಗ್ರಾಂ, ಕೈ ಬಿಡುವವರೆಗೆ ಏನೂ ಸರಿಹೋಗದು.

ಸರಿ, ಆ ಪ್ರೋಸೆಸ್ಸನ್ನು ಕೊಲ್ಲಬೇಕು. ಎಲ್ಲರ ಕೈಗೂ ಮೊದಲು ಬರುವುದು ಕಿಲ್ ಮೈನಸ್ 9, ಅಂದರೆ ಯಾವ ಪ್ರೋಗ್ರಾಂ ಕೂಡ ತಡೆಯಲಾಗದ 9ನೇ ಸಿಗ್ನಲ್. ಅದರಿಂದ ಪ್ರೋಗ್ರಾಂ ಸಾಯುತ್ತದೆ, ಜೊತೆಗೆ ಬಫರ್‌ನಲ್ಲಿದ್ದ (ಡಿಸ್ಕಿಗೆ ಇನ್ನೂ ಬರೆಯದೆ ಮೆಮೊರಿಯಲ್ಲಿದ್ದ) ತೂಕವೂ ಹೋಗುತ್ತದೆ. ಪೈಥಾನ್ ಫೈಲಿಗೆ ಬರೆಯುವಾಗ ಸಾಮಾನ್ಯವಾಗಿ 8 ಕೆಬಿ ತುಂಬುವವರೆಗೆ ಕೈಯಲ್ಲೇ ಇಟ್ಟುಕೊಂಡಿರುತ್ತದೆ. ಈ ಪ್ರೋಗ್ರಾಂ ಇಂಡಿಕೇಟರ್‌ನ (ತೂಕ ತೋರಿಸುವ ಪೆಟ್ಟಿಗೆ) ಪ್ರತಿ ರೀಡಿಂಗನ್ನೂ ಬರೆಯುವುದರಿಂದ ಅದು ಕೆಲವೇ ನಿಮಿಷದ ಲೆಕ್ಕ. ಆದರೆ ಕಳೆದುಹೋಗುವ ಲಾರಿ ಆ ಕೆಲವೇ ನಿಮಿಷದಲ್ಲಿ ಇರುತ್ತದೆ, ಅಲ್ವಾ? ಸಾಲದ್ದಕ್ಕೆ ವಾರ್-ಲಾಕ್ ಫೋಲ್ಡರಿನ ಒಳಗೆ ಪೋರ್ಟಿನ ಲಾಕ್ ಫೈಲು, ಅಂದರೆ ಪೋರ್ಟ್ ಬಳಕೆಯಲ್ಲಿದೆ ಅನ್ನೋ ಗುರುತು, ಉಳಿದುಬಿಡುತ್ತದೆ. ಮುಂದಿನ ಸಲ ಪ್ರೋಗ್ರಾಂ ಶುರುವಾದಾಗ ಪೋರ್ಟ್ ಬ್ಯುಸಿ ಅನ್ನುತ್ತದೆ. ಫ್ಯೂಸರ್ ಮೈನಸ್ ಕೆ (ಪೋರ್ಟನ್ನು ಹಿಡಿದಿರುವ ಪ್ರೋಸೆಸ್ ಹುಡುಕಿ ಕೊಲ್ಲುವ ಕಮಾಂಡ್) ಹೊಡೆಯುವವರಿಗೂ ಇದೇ ಗತಿ. ಯಾವ ಸಿಗ್ನಲ್ ಅಂತ ಹೇಳದಿದ್ದರೆ ಅದೂ ಕಳಿಸೋದು 9ನ್ನೇ.

ಆಮೇಲೆ 15, ಅಂದರೆ ಟರ್ಮ್. ಟರ್ಮ್ ಕಳಿಸಿದರೆ ಪ್ರೋಗ್ರಾಂ ಎಲ್ಲ ಮುಚ್ಚಿಟ್ಟು ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಹಾಗೆ ಆಗಲಿಲ್ಲ. ತೂಕ ಮತ್ತೆ ಕಳೆದುಹೋಯಿತು. ಟರ್ಮ್‌ಗೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಏನು ಮಾಡಬೇಕು ಅನ್ನೋ ಕೋಡ್) ಬರೆಯದಿದ್ದರೆ ಪೈಥಾನ್ ಅಲ್ಲೇ ಪ್ರಾಣ ಬಿಡುತ್ತದೆ. ಕೊನೆಯಲ್ಲಿ ಎಲ್ಲ ಮುಚ್ಚಿಡೋಕೆ ಇರುವ ಫೈನಲಿ ಬ್ಲಾಕ್ ಓಡುವುದಿಲ್ಲ, ಬಫರ್ ಡಿಸ್ಕಿಗೆ ಇಳಿಯುವುದಿಲ್ಲ. ಆದರೆ 2, ಅಂದರೆ ಇಂಟ್ ಬಂದರೆ ಪೈಥಾನ್ ಅದನ್ನು ಕೀಬೋರ್ಡ್ ಇಂಟರಪ್ಟ್ (ಕಂಟ್ರೋಲ್-ಸಿ ಒತ್ತಿದಾಗ ಬರುವ ಎರರ್) ಮಾಡಿಕೊಳ್ಳುತ್ತದೆ, ಫೈನಲಿ ಓಡುತ್ತದೆ. ಕೋಡ್ ತೆರೆದು ನೋಡಿದೆ. ಬರೆದವರು ಫೈಲು ಮುಚ್ಚೋದು, ಲಾಕ್ ತೆಗೆಯೋದು ಎಲ್ಲ ಫೈನಲಿ ಒಳಗೇ ಇಟ್ಟಿದ್ದರು. ಹಾಗಾದರೆ ಇಂಟ್ ಸಾಕು.

ಟರ್ಮಿನಲ್‌ನಲ್ಲಿ ಕೈಯಿಂದ ಓಡಿಸಿ ಇಂಟ್ ಕಳಿಸಿದೆ, ಚೆನ್ನಾಗಿ ಮುಚ್ಚಿಕೊಂಡಿತು. ಮಷೀನು ಆನ್ ಆದಾಗ ತಾನಾಗಿ ಶುರುವಾದ ಪ್ರೋಗ್ರಾಂಗೆ ಕಳಿಸಿದರೆ ಅಲ್ಲಾಡಲೇ ಇಲ್ಲ. ಅದೇ ಪ್ರೋಗ್ರಾಂ, ಅದೇ ಸಿಗ್ನಲ್. ಇಲ್ಲಿ ತುಂಬಾ ತಲೆ ಕೆಡಿಸಿಕೊಂಡೆ. "ನೋಡಿದ್ರಾ, ಆಗಲ್ಲ ಅಂತ ಅವತ್ತೇ ಹೇಳಿದ್ವಿ" ಅಂತ ಆಫೀಸಿನಲ್ಲಿ ಅನ್ನಿಸಿಕೊಂಡಿದ್ದೂ ಆಗಲೇ.

ಗುಟ್ಟು ಇದ್ದದ್ದು ಪ್ರೊಕ್ ಫೋಲ್ಡರಿನಲ್ಲಿ, ಪ್ರತಿ ಪ್ರೋಸೆಸ್ಸಿನ ಸ್ಥಿತಿಯನ್ನು ಲಿನಕ್ಸ್ ತೋರಿಸುವ ಜಾಗದಲ್ಲಿ. ಆ ಪಿಐಡಿಯ (ಪ್ರೋಸೆಸ್ ನಂಬರಿನ) ಸ್ಟೇಟಸ್ ಫೈಲ್ ತೆರೆದರೆ ಸಿಗ್-ಇಗ್ನ್, ಅಂದರೆ ಕಡೆಗಣಿಸುವ ಸಿಗ್ನಲ್‌ಗಳು, ಅನ್ನೋ ಸಾಲು ಇದೆ. ಕೈಯಿಂದ ಓಡಿಸಿದಾಗ ಅದರ ಕೊನೆ 1001000 ಇತ್ತು. ತಾನಾಗಿ ಶುರುವಾದದ್ದರಲ್ಲಿ 1001006. ಕೊನೆಯ ಆ 6 ಅಂದರೆ 2ನೇ ಮತ್ತು 3ನೇ ಸಿಗ್ನಲ್ ಕಿವಿಗೇ ಹಾಕಿಕೊಳ್ಳುವುದಿಲ್ಲ ಅಂತ. ಸ್ಕ್ರಿಪ್ಟ್ ಒಳಗಿಂದ ಆಂಪರ್ಸಂಡ್ (&) ಹಾಕಿ ಹಿಂದೆ ಓಡಿಸಿದರೆ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಆ ಎರಡನ್ನು ಮುಚ್ಚಿಯೇ ಕಳಿಸುತ್ತದೆ. ಶುರುವಿನಲ್ಲೇ ಇಂಟ್ ಮುಚ್ಚಿದೆ ಅಂತ ಕಂಡರೆ ಪೈಥಾನ್ ತನ್ನ ಹ್ಯಾಂಡ್ಲರ್ ಹಾಕಿಕೊಳ್ಳುವುದೇ ಇಲ್ಲ. ಶೆಲ್ ಹಾಗೆ ಮುಚ್ಚದಿರಲಿ ಅಂತ ಸ್ಟಾರ್ಟ್ ಸ್ಕ್ರಿಪ್ಟಿನ ಮೇಲೆ ಸೆಟ್ ಮೈನಸ್ ಎಂ ಅಂತ ಒಂದು ಸಾಲು ಸೇರಿಸಿದೆ. ಕೊನೆಯ 6 ಹೋಗಿ 0 ಬಂತು. ಮುಂದಿನ ಹ್ಯಾಂಗ್‌ಗೆ ಇಂಟ್ ಕಳಿಸಿದೆ. ಫೈಲಿನ ಕೊನೇ ಸಾಲಿನವರೆಗೆ ತೂಕ ಇತ್ತು, ಲಾಕ್ ಫೈಲು ಹೋಗಿತ್ತು. ಗೇಟಿನಲ್ಲಿ ನಿಂತಿದ್ದ ಲಾರಿ ಹತ್ತು ಸೆಕೆಂಡಿನಲ್ಲಿ ತಕ್ಕಡಿ ಮೇಲೆ. ಈ ಜಿಲ್ಲೆಯಲ್ಲಿ ವೇಬ್ರಿಡ್ಜ್‌ಗೆ ಸಿಗ್-ಇಗ್ನ್ ಓದಿ ರಿಪೇರಿ ಮಾಡಿದವರು ಬೇರೆ ಯಾರೂ ನನಗೆ ಸಿಕ್ಕಿಲ್ಲ.

ಕಳಿಸೋ ಸಿಗ್ನಲ್ ಗೊತ್ತಾಯಿತು. ಇನ್ನು ಸರಿಯಾದ ಪ್ರೋಸೆಸ್ಸನ್ನು ಹುಡುಕುವುದು. ಎರಡು ಪ್ರೋಗ್ರಾಂಗೂ ಹೆಸರು ಪೈಥಾನ್3, ಹಾಗಾಗಿ ಹೆಸರಿನಿಂದ ಹುಡುಕಿದರೆ ಸ್ಲಿಪ್ ಪ್ರಿಂಟಿನದೂ ಬಲೆಗೆ ಬೀಳುತ್ತದೆ. ಪ್ರೋಸೆಸ್ ಹುಡುಕುವ ಪಿಗ್ರೆಪ್ ಕಮಾಂಡಿಗೆ ಮೈನಸ್ ಎಫ್ ಹಾಕಿದರೆ ಪೂರ್ತಿ ಕಮಾಂಡ್ ಸಾಲನ್ನು ನೋಡುತ್ತದೆ, ಆದರೆ ಪ್ರೋಗ್ರಾಂನ ಫೈಲನ್ನು ಯಾರಾದರೂ ವಿಮ್ ಎಡಿಟರ್‌ನಲ್ಲಿ ತೆರೆದಿದ್ದರೆ ಅದನ್ನೂ ಹಿಡಿಯುತ್ತದೆ. ಅದಕ್ಕೆ ಮೈನಸ್ ಎಕ್ಸ್ ಸೇರಿಸಿ ಪೂರ್ತಿ ಸಾಲು ಹೊಂದಿದರೆ ಮಾತ್ರ ಅಂತ ಕಟ್ಟುನಿಟ್ಟು ಮಾಡಿದೆ, ಮೈನಸ್ ಯುನಿಂದ ಯೂಸರನ್ನೂ ಹೇಳಿದೆ. ಯಾವತ್ತೂ ಮೊದಲು ಪಿಗ್ರೆಪ್ ಮೈನಸ್ ಎ ಹಾಕಿ ಕಣ್ಣಿಂದ ನೋಡಿ, ಆಮೇಲೆ ಅದೇ ಸಾಲಿಗೆ ಪಿಕಿಲ್, ಅಂದರೆ ಹುಡುಕಿದ್ದಕ್ಕೆ ಸಿಗ್ನಲ್ ಕಳಿಸುವ ಕಮಾಂಡ್. ಮನೆಯಿಂದ ಎಸ್‌ಎಸ್‌ಎಚ್ (ದೂರದ ಮಷೀನಿಗೆ ಕಮಾಂಡ್ ಕಳಿಸುವ ದಾರಿ) ಮೂಲಕ ಒಂದೇ ಸಾಲಿನಲ್ಲಿ ಬರೀ ಪಿಕಿಲ್ ಮೈನಸ್ ಎಫ್ ಕಳಿಸುವವರು ಒಂದು ನೋಡಿಕೊಳ್ಳಿ. ಆ ಕಡೆ ನಿಮ್ಮ ಸಾಲನ್ನು ಓಡಿಸುವ ಶೆಲ್‌ನ ಕಮಾಂಡ್ ಸಾಲಿನಲ್ಲೂ ಅದೇ ಪದ ಇರುತ್ತದೆ, ಅದೂ ಸಾಯಬಹುದು. ಪದದ ಮೊದಲ ಅಕ್ಷರವನ್ನು ಚೌಕ ಬ್ರ್ಯಾಕೆಟ್ಟಿನಲ್ಲಿ ಹಾಕಿದರೆ ಈ ಕಾಟ ಇಲ್ಲ.

ಪಿಗ್ರೆಪ್, ಪಿಕಿಲ್ ಎರಡೂ 1998ರಲ್ಲಿ ಸೋಲಾರಿಸ್ 7 ಅನ್ನೋ ಯುನಿಕ್ಸ್ ಸಿಸ್ಟಂ ಜೊತೆ ಬಂದವು. ಲಿನಕ್ಸ್‌ನಲ್ಲಿ ಕಿಲಾಲ್ ಕಮಾಂಡ್ ಹೆಸರು ಹೇಳಿದ ಪ್ರೋಗ್ರಾಂ ಮಾತ್ರ ಕೊಲ್ಲುತ್ತದೆ, ಅದೇ ಸೋಲಾರಿಸ್‌ನಲ್ಲಿ ಕಿಲಾಲ್ ಅಂದರೆ ನಿಜವಾಗಿಯೂ ಎಲ್ಲವನ್ನೂ ಕೊಲ್ಲುತ್ತದೆ. ಲಿನಕ್ಸ್‌ನ ಅಭ್ಯಾಸದಲ್ಲಿ ಅಲ್ಲಿ ಹೊಡೆಯಬೇಡಿ.

ಶುರುವಾದಾಗ ಪ್ರೋಸೆಸ್ ನಂಬರು ಬರೆದಿಡುವ ಪಿಐಡಿ ಫೈಲನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಮಲೆನಾಡಿನ ಮಳೆಯಲ್ಲಿ ಕರೆಂಟು ಹೋಗೋದು ದಿನದ ಮಾತು, ಯುಪಿಎಸ್ ಬ್ಯಾಟರಿಯೂ ಹಳೇದು. ಮಷೀನು ದಿಢೀರ್ ಅಂತ ಆಫ್ ಆಗಿ ಮತ್ತೆ ಎದ್ದರೆ ಹಳೇ ಪಿಐಡಿ ಫೈಲು ಹಾಗೇ ಇರುತ್ತದೆ, ಆ ನಂಬರು ಬೇರೆ ಯಾವುದೋ ಪ್ರೋಸೆಸ್‌ಗೆ ಹೋಗಿರುತ್ತದೆ. ಮೊದಲಿದ್ದ ಕಾವಲು ಸ್ಕ್ರಿಪ್ಟ್ ಕಿಲ್ ಮೈನಸ್ 0 (ಆ ನಂಬರಿನ ಪ್ರೋಸೆಸ್ ಇದೆಯಾ ಅಂತ ಮಾತ್ರ ನೋಡುವುದು) ಹಾಕಿ "ಬದುಕಿದೆ" ಅಂತ ತಿಳಿದು ಸುಮ್ನೆ ಕೂತಿರುತ್ತಿತ್ತು. ಈಗ ನಾನು ನೋಡೋದು ಎರಡು ಸಾಕ್ಷಿ: ಪಿಗ್ರೆಪ್ ಹೇಳುವ ನಂಬರು, ಮತ್ತು ಪೋರ್ಟನ್ನು ಹಿಡಿದಿರುವುದು ಯಾರು ಅಂತ ಫ್ಯೂಸರ್ ಹೇಳುವ ನಂಬರು. ಎರಡೂ ಒಂದೇ ಆದರೆ ಇಂಟ್. ಹೋಗದಿದ್ದರೆ ಕಾದು ಟರ್ಮ್. 9 ಕೊನೆಗೆ. ಎಷ್ಟು ಕಾಯುತ್ತೇನೆ, ಹ್ಯಾಂಗ್ ಆಗಿದೆ ಅಂತ ಸ್ಕ್ರಿಪ್ಟಿಗೆ ಹೇಗೆ ಗೊತ್ತಾಗುತ್ತದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಇದರ ಮಧ್ಯೆ ಒಂದು ಬೇರೆ ಪ್ರಯೋಗವೂ ಮಾಡಿದೆ. ಹಗಲು ಬ್ಯಾಕಪ್ ಓಡಿದರೆ ಬಿಲ್ಲಿಂಗ್ ನಿಧಾನ ಆಗುತ್ತಿತ್ತು. ಲಾರಿ ಜಾಸ್ತಿ ಇದ್ದಾಗ ಪಿಕಿಲ್‌ನಿಂದ ಬ್ಯಾಕಪ್ ಮಾಡುವ ಆರ್‌ಸಿಂಕ್‌ಗೆ ಸ್ಟಾಪ್ ಸಿಗ್ನಲ್, ಲಾರಿ ಖಾಲಿ ಆದ ಮೇಲೆ ಕಾಂಟ್, ಅಂದರೆ ಮುಂದುವರಿಸು ಅನ್ನೋ ಸಿಗ್ನಲ್. ಒಳಗಿನ ಡಿಸ್ಕಿಗೆ ಆರ್‌ಸಿಂಕ್ ಮೂರು ಪ್ರೋಸೆಸ್ ಆಗಿ ಓಡುತ್ತದೆ, ಹೆಸರಿನಿಂದ ಕಳಿಸಿದರೆ ಮೂರೂ ನಿಲ್ಲುತ್ತವೆ, ನಿಂತಲ್ಲಿಂದಲೇ ಮುಂದುವರಿಯುತ್ತವೆ. ನೆಟ್‌ವರ್ಕ್ ಮೇಲಿನ ಬ್ಯಾಕಪ್‌ಗೆ ಇದು ಒಗ್ಗಲಿಲ್ಲ, ಜಾಸ್ತಿ ಹೊತ್ತು ನಿಲ್ಲಿಸಿದರೆ ಆ ಕಡೆ ಕನೆಕ್ಷನ್ ಕತ್ತರಿಸುತ್ತದೆ. ಡಿಸ್ಕ್ ಕಾಪಿ ಮಾಡುವ ಡಿಡಿ ಕಮಾಂಡಿಗೆ ಯೂಸರ್-1 ಸಿಗ್ನಲ್ ಕಳಿಸಿದರೆ ಎಷ್ಟು ಕಾಪಿ ಆಗಿದೆ ಅಂತ ಹೇಳುತ್ತದೆ, ಅದೂ ಉಪಯೋಗಕ್ಕೆ ಬಂತು. ಆದರೆ ಯೂಸರ್-1 ಅನ್ನು ಹಿಡಿಯದ ಪ್ರೋಗ್ರಾಂಗೆ ಕಳಿಸಿದರೆ ಅದು ಸತ್ತೇಹೋಗುತ್ತದೆ.

ಯಾವ ಸಿಗ್ನಲ್ಲೂ ನಡೆಯದ ಒಂದು ಜಾಗ ಇದೆ. ಪ್ರೋಸೆಸ್ ಪಟ್ಟಿ ಕೊಡುವ ಪಿಎಸ್ ಕಮಾಂಡಿನ ಸ್ಟಾಟ್ ಕಾಲಂನಲ್ಲಿ ಡಿ ಕಂಡರೆ ಪ್ರೋಸೆಸ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ, ಸಾಮಾನ್ಯವಾಗಿ ಡಿಸ್ಕಿಗೆ, ಕಾಯುತ್ತಿದೆ, 9 ಕಳಿಸಿದರೂ ಪ್ರಯೋಜನ ಇಲ್ಲ. ನಮ್ಮಲ್ಲಿ ಅದು ಬಂದದ್ದು ಕೆಟ್ಟ ಬ್ಯಾಕಪ್ ಡಿಸ್ಕಿನಿಂದ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಡಿಸ್ಕ್ ಬದಲಿಸಿದೆ, ಹೋಯಿತು. ಈ ಇಡೀ ಕೆಲಸದಲ್ಲಿ ಹಾರ್ಡ್‌ವೇರ್‌ಗೆ ಖರ್ಚಾದದ್ದು ಅಷ್ಟೇ.

ಈಗ ಆಲ್ದೂರು, ಮೂಡಿಗೆರೆ ಕಡೆಯಿಂದಲೂ ಕರೆಯುತ್ತಿದ್ದಾರೆ. ಅಲ್ಲಿ ಕೆಲವರ ಪ್ರೋಗ್ರಾಂ ಪೈಥಾನ್ ಅಲ್ಲ, ಅದಕ್ಕೆ ಇಂಟ್ ಸರಿಹೋಗುತ್ತದೆ ಅಂತ ಹೇಳೋಕಾಗದು. ಹೋದ ಕೂಡಲೇ ಸ್ಟೇಟಸ್ ಫೈಲಿನ ಸಿಗ್-ಸಿಜಿಟಿ ಸಾಲು ನೋಡುತ್ತೇನೆ. ಯಾವ ಸಿಗ್ನಲ್‌ಗೆ ಹ್ಯಾಂಡ್ಲರ್ ಇದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಅದನ್ನು ನೋಡಿದ ಮೇಲೆಯೇ ರೇಟು ಹೇಳೋದು.