ಅಂಚೆ, ತಕ್ಕಡಿ, ಒಂದು ಲೋಟ ನೀರು: ಆನ್‌ಲೈನ್‌ಗೂ ಮುಂಚೆ ಬೆಳ್ಳಿ ನಾಣ್ಯ ಕೊಳ್ಳುತ್ತಿದ್ದುದು ಹೀಗೆ

ಈಗ ಬೆಳ್ಳಿ ನಾಣ್ಯ ಬೇಕೆಂದರೆ ಫೋನ್ ತೆಗೆದು ನಾಲ್ಕು ಸಲ ಒತ್ತಿದರೆ ಮುಗಿಯಿತು. ಆ ಗಳಿಗೆಯ ದರ, ನಾಣ್ಯದ ಎರಡೂ ಮುಖದ ಚಿತ್ರ, ಹಿಂದೆ ಕೊಂಡವರ ದೂರು ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಮೊದಲು ಲೆಕ್ಕ ಹಾಕುವುದೂ ಪತ್ರ ಬರೆಯುವುದೂ ತೂಗಿ ನೋಡುವುದೂ ಕೊಳ್ಳುವವನದೇ ಪಾಡಾಗಿತ್ತು. ಆ ಕೆಲಸ ಸಾಗುತ್ತಿದ್ದ ಕ್ರಮ ಇದು.

ಹೆಜ್ಜೆ 1: ಪತ್ರಿಕೆ ಮತ್ತು ಪೆನ್ಸಿಲ್

ಮೊದಲ ಕೆಲಸ ಪತ್ರಿಕೆಯ ವಾಣಿಜ್ಯ ಪುಟ ಬಿಡಿಸುವುದು. ಲಂಡನ್ನಿನಲ್ಲಿ 1897ರಿಂದ ಬೆಳ್ಳಿಗೆ ದಿನದ ದರ ನಿಗದಿಯಾಗುತ್ತಿತ್ತು. ಆ ಪದ್ಧತಿ 2014ರವರೆಗೂ ನಡೆಯಿತು. ದರ ಟ್ರಾಯ್ ಔನ್ಸಿನ ಲೆಕ್ಕದಲ್ಲಿರುತ್ತದೆ ಎಂಬುದು ಮರೆಯಬಾರದ ಸಂಗತಿ. ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ, ದಿನಸಿ ತೂಗುವ ಔನ್ಸ್ 28.35 ಗ್ರಾಂ. ಎರಡನ್ನೂ ಒಂದೇ ಎಂದುಕೊಂಡವನ ಲೆಕ್ಕ ಹೆಚ್ಚುಕಡಿಮೆ ಹತ್ತಕ್ಕೊಂದರಷ್ಟು ತಪ್ಪುತ್ತಿತ್ತು.

ಆಮೇಲೆ ಗುಣಾಕಾರ. ಅಮೆರಿಕದ ಹಳೆಯ ಮಾರ್ಗನ್ ಡಾಲರನ್ನೇ ನೋಡಿ. ತೂಕ 26.73 ಗ್ರಾಂ, ಬೆಳ್ಳಿ ಶೇ 90. ಅಂದರೆ ಅಪ್ಪಟ ಬೆಳ್ಳಿ ಸುಮಾರು 24 ಗ್ರಾಂ, ಔನ್ಸಿನಲ್ಲಿ 0.7734. ಇದನ್ನು ದಿನದ ದರದಿಂದ ಗುಣಿಸಿದರೆ ಲೋಹದ ಬೆಲೆ ಸಿಕ್ಕಿತು. ಅದರ ಮೇಲೆ ಕೇಳುವುದೆಲ್ಲ ವ್ಯಾಪಾರಿಯ ಲಾಭ, ಇಲ್ಲವೇ ಸಂಗ್ರಹಕಾರರು ಕೊಡುವ ಮೇಲ್ಬೆಲೆ. ಈ ಒಂದು ಅಂಕಿ ಚೀಟಿಯಲ್ಲಿ ಬರೆದುಕೊಳ್ಳದೆ ಹೋದವನು ಪಂಗನಾಮ ಹಾಕಿಸಿಕೊಂಡೇ ಬರುತ್ತಿದ್ದ.

ಹೆಜ್ಜೆ 2: ಇಸವಿ ಬಾಯಿಪಾಠ

ಬೆಳ್ಳಿ ಎಷ್ಟಿದೆ ಎಂದು ನಾಣ್ಯದ ಮೇಲೆ ಬರೆದಿರುವುದಿಲ್ಲ, ಇಸವಿಯೇ ಹೇಳಬೇಕು. ಬ್ರಿಟನ್ನಿನ ಬೆಳ್ಳಿ ನಾಣ್ಯಗಳಲ್ಲಿ 1919ರವರೆಗೆ ಶೇ 92.5 ಬೆಳ್ಳಿ, 1920ರಿಂದ 1946ರವರೆಗೆ ಅರ್ಧ, 1947ರಿಂದ ಸೊನ್ನೆ. ಅಮೆರಿಕದ ಹತ್ತು ಸೆಂಟ್, ಕಾಲು ಡಾಲರ್, ಅರ್ಧ ಡಾಲರ್‌ಗಳಲ್ಲಿ 1964ರವರೆಗೆ ಶೇ 90. ಅರ್ಧ ಡಾಲರ್‌ನಲ್ಲಿ ಮಾತ್ರ 1970ರವರೆಗೂ ಶೇ 40 ಉಳಿದುಕೊಂಡಿತ್ತು. ಲೆಕ್ಕ ಬೇಡವೆನ್ನುವವರಿಗೆ ಮುಂದೆ ಒಂದೊಂದು ಔನ್ಸಿನ ನಾಣ್ಯಗಳು ಬಂದವು: 1982ರಲ್ಲಿ ಮೆಕ್ಸಿಕೋದ ಲಿಬರ್ಟಾಡ್, 1986ರಲ್ಲಿ ಅಮೆರಿಕದ ಈಗಲ್, 1988ರಲ್ಲಿ ಕೆನಡಾದ ಮೇಪಲ್ ಲೀಫ್.

ಹೆಜ್ಜೆ 3: ಎಲ್ಲಿ ಕೊಳ್ಳುವುದು?

ಎಲ್ಲಕ್ಕಿಂತ ಅಗ್ಗದ ಜಾಗ ಬ್ಯಾಂಕು. 1965ರ ನಂತರ ಅಮೆರಿಕದಲ್ಲಿ ಅನೇಕರು ನೋಟು ಕೊಟ್ಟು ಚಿಲ್ಲರೆಯ ಸುರುಳಿ ತರುತ್ತಿದ್ದರು. ಕಾಲು ಡಾಲರ್ ಆದರೆ ಸುರುಳಿಗೆ 40. ಒಂದೊಂದರ ಇಸವಿ ಓದುತ್ತ ಕೂರಬೇಕಿರಲಿಲ್ಲ. ಕಾಗದ ಬಿಚ್ಚಿ, ನಾಣ್ಯಗಳನ್ನು ಸಾಲಾಗಿ ಮಲಗಿಸಿ ಅಂಚು ನೋಡಿದರೆ ಸಾಕು. ಹೊಸವುಗಳ ಅಂಚಿನಲ್ಲಿ ತಾಮ್ರದ ಕಂದು ಗೆರೆ ಹರಿದಿರುತ್ತದೆ. ನಡುವೆ ಎಲ್ಲೋ ಒಂದು ಪೂರ್ತಿ ಬೆಳ್ಳಗಿದ್ದರೆ ಅದೇ ಬೆಳ್ಳಿ. ಉಳಿದದ್ದು ಮತ್ತೆ ಬ್ಯಾಂಕಿಗೆ. ನಷ್ಟವಾಗುವುದು ಸಮಯ ಮಾತ್ರ. ವರ್ಷ ಕಳೆದಂತೆ ಈ ಒರತೆ ಬತ್ತಿತು.

ಹತ್ತಿರದಲ್ಲಿ ನಾಣ್ಯದಂಗಡಿ ಇದ್ದರೆ ಅದೃಷ್ಟ. ನಾಣ್ಯ ಮೇಳ ಅದಕ್ಕಿಂತ ಮೇಲು, ಒಂದೇ ನಾಣ್ಯಕ್ಕೆ ಹತ್ತು ಮೇಜಿನಲ್ಲಿ ಹತ್ತು ಬೆಲೆ ಕೇಳಬಹುದಿತ್ತು.

ಇವೆರಡೂ ಇಲ್ಲದವರಿಗೆ ಅಂಚೆಯೇ ಗತಿ. ನನ್ನ ಮಟ್ಟಿಗೆ ಇಡೀ ಕಥೆಯ ಸ್ವಾರಸ್ಯ ಇಲ್ಲೇ ಇದೆ. ನಾಣ್ಯ ಪತ್ರಿಕೆಗಳ ಜಾಹೀರಾತು ನೋಡಿ ವ್ಯಾಪಾರಿಗೆ ಪತ್ರ ಬರೆದರೆ ಬೆಲೆಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿ ಇಸವಿ, ಟಂಕಸಾಲೆಯ ಗುರುತು, ಸ್ಥಿತಿ, ಬೆಲೆ ಇಷ್ಟೇ. ಚಿತ್ರ ಇದ್ದರೆ ಹೆಚ್ಚು. 'ಉತ್ತಮ', 'ಅತ್ಯುತ್ತಮ' ಎಂಬುದೆಲ್ಲ ಮಾರುವವನ ಬಾಯಿಮಾತು. ನಾಣ್ಯಕ್ಕೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ದೊಡ್ಡ ಸಂಸ್ಥೆಗಳಾದ ಪಿಸಿಜಿಎಸ್, ಎನ್‌ಜಿಸಿ ಶುರುವಾದದ್ದೇ 1986 ಮತ್ತು 1987ರಲ್ಲಿ. ಅದಕ್ಕೇ ಜಾಣರು ಮೊದಲು ಒಂದೇ ಒಂದು ಅಗ್ಗದ ನಾಣ್ಯ ತರಿಸಿ, ವ್ಯಾಪಾರಿಯ 'ಉತ್ತಮ' ಎಷ್ಟು ಉತ್ತಮವೆಂದು ನೋಡಿಕೊಳ್ಳುತ್ತಿದ್ದರು. ಕೆಲವು ವ್ಯಾಪಾರಿಗಳು ನಂಬಿಕೆಯ ಮೇಲೆ ನಾಣ್ಯಗಳನ್ನೇ ಕಳಿಸುತ್ತಿದ್ದರು: ಬೇಕಾದ್ದು ಇಟ್ಟುಕೊಂಡು ಹಣ ಕಳಿಸಿ, ಬೇಡವಾದ್ದು ವಾಪಸ್ ಕಳಿಸಿ.

ಲೋಹಕ್ಕಾಗಿ ಕೊಳ್ಳುವವರ ದಾರಿ ಬೇರೆ. ಫೋನ್ ಮಾಡಿ ಆ ಹೊತ್ತಿನ ದರಕ್ಕೆ ಮಾತು ಕಟ್ಟುವುದು, ಚೆಕ್ ಕಳಿಸುವುದು, ಅದು ನಗದಾದ ಮೇಲೆ ವಿಮೆ ಮಾಡಿದ ಪಾರ್ಸೆಲ್‌ಗಾಗಿ ಕಾಯುವುದು. ಅಷ್ಟರಲ್ಲಿ ದರ ಎಲ್ಲಿಗೆ ಬೇಕಾದರೂ ಹೋಗಬಹುದು. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರ್‌ವರೆಗೆ ಏರಿದ್ದ ಬೆಳ್ಳಿ, ರಾಶಿ ಬೆಳ್ಳಿ ಕೊಂಡು ದರ ಏರಿಸಿದ್ದ ಅಮೆರಿಕದ ಸಿರಿವಂತ ಹಂಟ್ ಸಹೋದರರ ಆಟ ಮುರಿದುಬಿದ್ದ ಮಾರ್ಚ್ 27ರಂದು 11 ಡಾಲರ್‌ಗಿಂತ ಕೆಳಗಿತ್ತು.

ಅಂಚೆ ವ್ಯಾಪಾರಕ್ಕೆ ಸರ್ಕಾರವೇ ಇಳಿದದ್ದೂ ಉಂಟು. 1964ರ ಮಾರ್ಚ್‌ವರೆಗೆ ಅಮೆರಿಕದ ಖಜಾನೆಯಲ್ಲಿ ಕಾಗದದ ಡಾಲರ್ ಕೊಟ್ಟು ಬೆಳ್ಳಿಯ ಡಾಲರ್ ಪಡೆಯಬಹುದಿತ್ತು. ಕಿಟಕಿ ಮುಚ್ಚಿದಾಗ ಒಳಗೆ ಸುಮಾರು 30 ಲಕ್ಷ ಡಾಲರ್ ಉಳಿದಿದ್ದವು, ಬಹುಪಾಲು ಕಾರ್ಸನ್ ಸಿಟಿ ಟಂಕಸಾಲೆಯವು. ಅವನ್ನು 1972ರಿಂದ 1974ರವರೆಗೂ, ಮತ್ತೆ 1980ರಲ್ಲೂ ಅಂಚೆ ಮೂಲಕವೇ ಮಾರಿದರು.

ಹೆಜ್ಜೆ 4: ಪಾರ್ಸೆಲ್ ಬಿಚ್ಚಿದ ಮೇಲೆ

ವಾಪಸ್ ಮಾಡಲು ಕೆಲವೇ ದಿನ ಅವಕಾಶ. ಹಾಗಾಗಿ ಪರೀಕ್ಷೆ ಅಂದೇ ಆಗಬೇಕು. ಅಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೇ ಮುಗಿಯಿತು, ಬೆಳ್ಳಿ ಅಂಟುವುದಿಲ್ಲ. ನಾಣ್ಯವನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಅಂಚಿಗೆ ಮೆಲ್ಲಗೆ ತಟ್ಟಿದರೆ ಬೆಳ್ಳಿಯ ನಾದ ಎಳೆದುಕೊಂಡು ಹೋಗುತ್ತದೆ. ಸೀಸದ್ದು ಟಪ್ಪೆಂದು ಸತ್ತುಹೋಗುತ್ತದೆ. ಕಲ್ಲಿನ ಮೇಲೆ ಎತ್ತಿಹಾಕಿ ಕೇಳುವುದು ಸಿನಿಮಾದವರಿಗೆ ಸರಿ, ನಾಣ್ಯದ ಅಂಚಿಗೆ ಅಲ್ಲ.

ನಂಬಬಹುದಾದ ಪರೀಕ್ಷೆ ನೀರಿನದು. ನೀರು ತುಂಬಿದ ಲೋಟವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ತೂಕ ಹಾಕಿ ಸಮ ಮಾಡಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ, ದಾರವನ್ನು ಕೈಯಲ್ಲೇ ಹಿಡಿದು, ತಳಕ್ಕೂ ಗೋಡೆಗೂ ತಾಗದಂತೆ ನೀರಿನೊಳಗೆ ಇಳಿಬಿಡಿ. ಲೋಟದ ಕಡೆ ಕೆಳಗಿಳಿಯುತ್ತದೆ. ಮತ್ತೆ ಸಮ ಮಾಡಲು ಬೇಕಾದ ತೂಕವೇ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮಾರ್ಗನ್ ಡಾಲರ್‌ಗೆ ಅದು 2.6 ಗ್ರಾಂ ಆಸುಪಾಸು. 26.73ನ್ನು ಅದರಿಂದ ಭಾಗಿಸಿದರೆ 10.3 ಬರಬೇಕು, ಅಪ್ಪಟ ಬೆಳ್ಳಿಯಾದರೆ 10.5. ತಾಮ್ರ-ನಿಕ್ಕಲ್ ಆದರೆ 9ರ ಹತ್ತಿರ ನಿಲ್ಲುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ಒಮ್ಮೆ ಅಲ್ಲಾಡಿಸಿ.

ಹೆಜ್ಜೆ 5: ಎತ್ತಿಡುವುದು

ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟವರಿಗೆ ಕೆಲವು ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಸಿಗುತ್ತಿತ್ತು. ಕಪ್ಪಾದರೆ ಮಾತ್ರ ಮುಟ್ಟುತ್ತಿರಲಿಲ್ಲ, ಅದು ಗಾಳಿಯಲ್ಲಿನ ಗಂಧಕದ ಕೆಲಸ. ಹೊಳಪಿಗೆಂದು ಉಜ್ಜಿದ ನಾಣ್ಯವನ್ನು ಮಾರಲು ಒಯ್ದರೆ ವ್ಯಾಪಾರಿ ಅದನ್ನು ದೀಪದಡಿ ಓರೆ ಮಾಡಿ ಗೀರು ನೋಡುತ್ತಿದ್ದ. ಆಮೇಲೆ ಇಸವಿಯನ್ನೂ ನೋಡದೆ ತಕ್ಕಡಿಗೆ ಹಾಕುತ್ತಿದ್ದ.